ಬೇಸ್ ಕ್ಯಾಂಪಿನ ಆಯೋಜಕರಿಗೊಂದು ಬಿನ್ನಹ

ಹಿಮಾಲಯ ಪ್ರವಾಸದ ಸನ್ಮಾನ್ಯ ಆಯೋಜಕರಿಗೆ,

ತಮ್ಮ ಬಣ್ಣದ ಕರಪತ್ರ ನಮ್ಮ ಸೀಮೆಗೂ ಬಂದು ಮುಟ್ಟಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳ ಮೊಬೈಲುಗಳಲ್ಲಿ ಈಗ ಎವರೆಸ್ಟ್ ಬೇಸ್ ಕ್ಯಾಂಪಿನ ಬಾವುಟಗಳು ಹಾರಾಡುತ್ತಿವೆ. ಮಳೆ ನೆಚ್ಚಿ ಜೋಳ, ಶೇಂಗಾ ಬೆಳೆಯುವ ಮನೆಗಳ ಮಕ್ಕಳಿಗೂ ಹಿಮಾಲಯ ಕಾಣುವ ಆಸೆ ಹುಟ್ಟಿಸಿದಿರಿ. ಆ ಉಪಕಾರ ದೊಡ್ಡದು. ನಮ್ಮ ಕಡೆಯ ಕೆಲವರು ಗುಂಪು ಕಟ್ಟಿಕೊಂಡು, ತಮ್ಮ ವೇಳಾಪಟ್ಟಿಯನ್ನು ನನ್ನ ಮುಂದಿಟ್ಟು, ‘ಒಂದ್ಸಲ ನೋಡ್ರಿ ಸರ್, ರೊಕ್ಕ ಕಟ್ಟೋಣೇನ್ರಿ?’ ಎಂದು ಕೇಳಿದರು. ಅವರಲ್ಲಿ ನಾನು ಪಾಠ ಹೇಳಿದವರೂ ಇದ್ದಾರೆ. ಹಾಗಾಗಿ ಒಂದೊಂದು ಸಾಲನ್ನೂ ಓದಿದೆ. ಇಂಥ ಪಟ್ಟಿ ಕಳಿಸುವವರು ತಾವೊಬ್ಬರೇ ಅಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ, ನಮ್ಮ ರಜೆ ಉಳಿಸಲು ತಾವು ಪಟ್ಟ ಶ್ರಮಕ್ಕೆ ವಂದನೆಗಳು. ಶಾಲೆ ಬಿಟ್ಟು ಬರಲಾಗದ ಶಿಕ್ಷಕರು, ಅಂಗಡಿ ಮುಚ್ಚಲಾಗದ ವರ್ತಕರು ಇದ್ದಾರೆಂದು ತಿಳಿದು ಪ್ರವಾಸವನ್ನು ಚಿಕ್ಕದು ಮಾಡಿದ್ದೀರಿ. ಹಾಗೆ ಉಳಿಸಿದ ದಿನಗಳು ಯಾವುವೆಂದು ಹುಡುಕಿದೆ. ನಾಮ್ಚೆ ಬಜಾರಿನಲ್ಲಿ ತಂಗುವ ಎರಡನೆಯ ರಾತ್ರಿ ಇಲ್ಲ. ಡಿಂಗ್ಬೋಚೆಯಲ್ಲಿ ತಂಗುವ ಎರಡನೆಯ ರಾತ್ರಿಯೂ ಇಲ್ಲ. ಮಹನೀಯರೇ, ಇಡೀ ಹಾದಿಯಲ್ಲಿ ಕತ್ತರಿ ಹಾಕಬಾರದ ಜಾಗ ಎರಡೇ ಇದ್ದವು. ತಮ್ಮ ಕತ್ತರಿ ಆಡಿರುವುದು ಅವೆರಡರ ಮೇಲೆಯೇ.

ಕಾರಣ ತಮಗೆ ಗೊತ್ತಿಲ್ಲದ್ದಲ್ಲ. ಆದರೂ ನಮ್ಮ ಮಕ್ಕಳ ಸಲುವಾಗಿ ಹೇಳುತ್ತೇನೆ. ವಿಮಾನ ಇಳಿಯುವ ಲುಕ್ಲಾ 2,860 ಮೀಟರ್. ಅಲ್ಲಿಂದ ಇಳಿದು ಫಾಕ್ಡಿಂಗ್ 2,610. ಮಾರನೆಯ ದಿನವೇ ನಾಮ್ಚೆ 3,440. ಆಮೇಲೆ ತೆಂಗ್ಬೋಚೆ 3,867, ಡಿಂಗ್ಬೋಚೆ 4,410, ಲೊಬುಚೆ 4,940, ಗೋರಕ್ ಶೆಪ್ 5,164. ಬೇಸ್ ಕ್ಯಾಂಪ್ 5,364. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ಪರ್ವತ ವೈದ್ಯರ ಸಲಹೆ. ಡೇರೆ ಹೊತ್ತು ಹೋಗುವವರು ಬೇಕಾದ ಎತ್ತರದಲ್ಲಿ ಡೇರೆ ಹಾಕಿಕೊಳ್ಳಬಹುದು. ಟೀಹೌಸ್ ಎಂಬ ದಾರಿಬದಿಯ ವಸತಿಗೃಹಗಳಲ್ಲಿ ತಂಗುವ ಚಾರಣದಲ್ಲಿ ಅದಾಗದು. ಟೀಹೌಸ್ ಎಲ್ಲಿದೆಯೋ ಅಲ್ಲೇ ಮಲಗಬೇಕು. ಈ ತಂಗುದಾಣಗಳ ಲೆಕ್ಕದಲ್ಲಿ ತೆಂಗ್ಬೋಚೆಯಿಂದ ಡಿಂಗ್ಬೋಚೆಗೆ 543 ಮೀಟರ್, ಅಲ್ಲಿಂದ ಲೊಬುಚೆಗೆ 530 ಮೀಟರ್ ಏರಬೇಕು. ಆ ಹೆಚ್ಚಳವನ್ನು ಸರಿದೂಗಿಸುವುದು ನಿಲ್ಲುವ ದಿನ ಮಾತ್ರ. ಅದನ್ನೇ ತೆಗೆದು, ಪಟ್ಟಿಯ ತಲೆಯ ಮೇಲೆ ‘ಹೊಸಬರಿಗೂ ಸುಲಭ’ ಎಂದು ಬರೆದಿದ್ದೀರಿ.

‘ನಡೆಯಲು ಬಂದರೆ ಸಾಕು’ ಎಂದೂ ಭರವಸೆ ಕೊಟ್ಟಿದ್ದೀರಿ. ನಡೆಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದಲೂ ಅದರಾಚೆಯಿಂದಲೂ ಜನ ಪಾದಯಾತ್ರೆ ಮಾಡಿಕೊಂಡು ಬರುತ್ತಾರೆ. ಅಂಗಾಲಲ್ಲಿ ಬೊಬ್ಬೆ ಎದ್ದರೂ ನಿಲ್ಲುವುದಿಲ್ಲ. ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಪ್ರಸಾದ ಹಿಡಿದು ಕಾಯುವವರಿರುತ್ತಾರೆ. ಕಾಲಿನ ಬಲ ನಮಗಿದೆ. ಪ್ರಶ್ನೆ ಕಾಲಿನದಲ್ಲ, ಉಸಿರಿನದು. ನಮ್ಮದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲುಸೀಮೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ಅಂದರೆ ತಮ್ಮ ಚಾರಣದ ಮೊದಲ ರಾತ್ರಿಯ ತಂಗುದಾಣಕ್ಕಿಂತ ತಗ್ಗು. ಬೇಸ್ ಕ್ಯಾಂಪಿನಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ತುಂಗಭದ್ರೆಯಾಚೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ತೆಳುಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ರಕ್ತ ಅವಕ್ಕೆ ಹುಟ್ಟಿನಿಂದಲೇ ಬಂದಿದೆ. ನಮಗೆ ಹಾಗಿಲ್ಲ. ನಮ್ಮ ಮೈ ಎತ್ತರಕ್ಕೆ ಒಗ್ಗಲು ದಿನಗಳು ಬೇಕು. ವ್ಯಾಯಾಮ ಮಾಡಿದ ಕಟ್ಟುಮಸ್ತಾದ ಮೈಗೂ ಅಷ್ಟೇ ದಿನಗಳು ಬೇಕು.

ತಮ್ಮ ನೋಂದಣಿ ಅರ್ಜಿಯಲ್ಲಿ ಟೀ ಶರ್ಟಿನ ಅಳತೆ ಕೇಳಿದ್ದೀರಿ. ಫೋಟೊಗಳನ್ನು ತಮ್ಮ ಜಾಹೀರಾತಿಗೆ ಬಳಸಲು ಒಪ್ಪಿಗೆಯಿದೆಯೇ ಎಂದೂ ಕೇಳಿದ್ದೀರಿ. ತಮ್ಮ ಮುತುವರ್ಜಿಗೆ ನಮಸ್ಕಾರ. ಬಿಪಿ ಇದೆಯೇ, ಶುಗರ್ ಇದೆಯೇ, ಹೃದಯದ ತೊಂದರೆಯಿದೆಯೇ, ಸಲ್ಫಾ ಔಷಧಿ ಒಗ್ಗದ ದೇಹವೇ ಎಂದು ಮಾತ್ರ ಒಂದು ಸಾಲೂ ಇಲ್ಲ. ಆದರೆ ‘ತರಬೇಕಾದ ಸಾಮಾನು’ ಎಂಬಲ್ಲಿ ಎತ್ತರಕ್ಕೆ ಒಗ್ಗಲು ನೆರವಾಗುವ ಡೈಮಾಕ್ಸ್ ಮಾತ್ರೆಯನ್ನು ಬಿಸ್ಕತ್ತು, ಟಾರ್ಚಿನ ನಡುವೆ ಸೇರಿಸಿದ್ದೀರಿ. ಅದು ವೈದ್ಯರನ್ನು ಕೇಳಿ ನುಂಗಬೇಕಾದ ಮಾತ್ರೆ. ಅದನ್ನು ನುಂಗಿದೆವೆಂದು ಓಡಿ ಹತ್ತುವಂತೆಯೂ ಇಲ್ಲ.

ಎತ್ತರದ ಕಾಯಿಲೆಯ ಲಕ್ಷಣಗಳ ಬಗ್ಗೆ ತಾವು ಮೌನವಾಗಿದ್ದೀರಿ. ಗ್ರಾಹಕರು ಹೆದರಬಾರದೆಂಬ ಕರುಣೆಯೇ ಅದಕ್ಕೆ ಕಾರಣವೆಂದು ನಂಬುತ್ತೇನೆ. ದಯವಿಟ್ಟು ಹೆದರಿಸಿ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಇವು ಕಂಡರೆ ಮೇಲೆ ಹೋಗಬಾರದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೆಟ್ಟಗೆ ನಾಲ್ಕು ಹೆಜ್ಜೆ ಇಡಲಾಗದೆ ತೂರಾಡಿದರೆ ಮಿದುಳಿಗೆ ಬಾವು ಬಂದಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು ಬಂದು ಕೆಮ್ಮು ಬಿಡದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು. ಡಿಂಗ್ಬೋಚೆಯ ದಿಣ್ಣೆಯಾಚೆ ಫೆರಿಚೆಯಲ್ಲಿ, 1973ರಲ್ಲಿ ಹುಟ್ಟಿದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ದವಾಖಾನೆಯಿದೆ. ಚಾರಣದ ಹಂಗಾಮಿನಲ್ಲಿ ಅಲ್ಲಿನ ವೈದ್ಯರು ಚಾರಣಿಗರನ್ನು ಕೂರಿಸಿಕೊಂಡು ಇದನ್ನೆಲ್ಲ ಬಿಡಿಸಿ ಹೇಳುತ್ತಾರೆ. ಡಿಂಗ್ಬೋಚೆಯಲ್ಲಿ ನಿಲ್ಲುವ ದಿನ ಅಲ್ಲಿಗೆ ಹೋಗಿ ಕೇಳಬಹುದಿತ್ತು. ತಾವು ಆ ದಿನವನ್ನೇ ಉಳಿಸಿಬಿಟ್ಟಿರಲ್ಲ.

ಹಣದ ಮಾತಿಗೆ ಬರುತ್ತೇನೆ, ಕ್ಷಮಿಸಿ. ‘ಎಲ್ಲವೂ ಸೇರಿ’ ಎಂದು ಒಂದೇ ಮೊತ್ತ ಹೇಳಿದ ತಮ್ಮ ಸರಳತೆ ಎಲ್ಲರಿಗೂ ಹಿಡಿಸಿತು. ಟೀಹೌಸಿನ ರೀತಿ ಬೇರೆ. ಅಲ್ಲಿ ಕೋಣೆಗೆ ಬಾಡಿಗೆ ಕಡಿಮೆ, ಆದರೆ ಮಲಗಿದಲ್ಲೇ ಉಣ್ಣಬೇಕು. ಮನೆಯವರಿಗೆ ದುಡ್ಡು ಹುಟ್ಟುವುದು ಅಡುಗೆಮನೆಯಲ್ಲಿ. ಅಕ್ಕಿ, ಗ್ಯಾಸು, ಬಿಸ್ಕತ್ತು ಎಲ್ಲವೂ ಮನುಷ್ಯರ, ಯಾಕ್‌ಗಳ ಬೆನ್ನ ಮೇಲೆ ಬರುವುದರಿಂದ ಮೇಲೇರಿದಂತೆ ಒಂದು ತಟ್ಟೆ ದಾಲ್ ಭಾತಿನ ಬೆಲೆಯೂ ಏರುತ್ತದೆ. ಅದು ನ್ಯಾಯವೇ. ಬಿಸಿನೀರಿನ ಸ್ನಾನಕ್ಕೆ, ಫೋನ್ ಚಾರ್ಜಿಗೆ, ವೈಫೈಗೆ ಬೇರೆ ಬೇರೆ ಹಣ. ಇದರ ಸುಳಿವೂ ಪಟ್ಟಿಯಲ್ಲಿಲ್ಲ. ಜನಜಂಗುಳಿಯ ತಿಂಗಳುಗಳಲ್ಲಿ ಲುಕ್ಲಾದ ವಿಮಾನ ಬಹುಮಟ್ಟಿಗೆ ಹೊರಡುವುದು ಕಠ್ಮಂಡುವಿನಿಂದಲ್ಲ, ನಾಲ್ಕೈದು ತಾಸು ರಸ್ತೆ ದೂರದ ರಾಮೆಛಾಪಿನಿಂದ ಎಂಬುದೂ ಇಲ್ಲ. ಮೋಡ ಮುಚ್ಚಿದರೆ ಲುಕ್ಲಾದಲ್ಲಿ ವಿಮಾನ ಹಾರುವುದೇ ಇಲ್ಲ. ಆದರೂ ಲುಕ್ಲಾದಿಂದ ಇಳಿದ ಸಂಜೆಯೇ ಬೆಂಗಳೂರಿನ ಟಿಕೆಟ್ ಕಾಯ್ದಿರಿಸಿದ್ದೀರಿ. ‘ಆಧಾರ್ ಕಾರ್ಡ್ ಇದ್ದರೆ ಸಾಕು’ ಎಂದೂ ಬರೆದಿದ್ದೀರಿ. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ತಮ್ಮ ಮಾತು ನಂಬಿ ಹೋದವರು ವಿಮಾನ ನಿಲ್ದಾಣದಿಂದಲೇ ಊರಿಗೆ ಮರಳಬೇಕಾಗುತ್ತದೆ.

‘ಚೀಲದ ಚಿಂತೆ ನಮಗೆ ಬಿಡಿ’ ಎಂದ ಔದಾರ್ಯಕ್ಕೆ ಕೈಮುಗಿಯುತ್ತೇನೆ. ಆ ಚಿಂತೆ ಕೊನೆಗೆ ಯಾರ ಬೆನ್ನಿಗೆ ಬೀಳುತ್ತದೆ ಎಂದು ನಮ್ಮವರಿಗೂ ತಿಳಿಯಲಿ. ಇಬ್ಬರು ಪ್ರವಾಸಿಗರ ಚೀಲಗಳನ್ನು ಒಟ್ಟಿಗೆ ಕಟ್ಟಿ, ಹಣೆಗೆ ಪಟ್ಟಿ ಬಿಗಿದು, ಒಬ್ಬ ಹಮಾಲಿ ಹೊರುತ್ತಾನೆ. ನಮ್ಮ ಮಾರುಕಟ್ಟೆಗಳಲ್ಲಿ ಚೀಲ ಹೊರುವವರ ಬೆವರು ಕಂಡ ಜನ ನಾವು. ಆ ಹಮಾಲಿಗೆ ಬೆಚ್ಚನೆಯ ಅಂಗಿ, ಒಳ್ಳೆಯ ಬೂಟು, ಮಲಗಲು ಜಾಗ, ವಿಮೆ ಇವೆಯೇ? ತಗ್ಗಿನ ಹಳ್ಳಿಯಿಂದ ಬಂದವನಾದರೆ ಅವನಿಗೂ ಎತ್ತರದ ಕಾಯಿಲೆ ಬರುತ್ತದೆ. ಅವನು ಕಾಯಿಲೆ ಬಿದ್ದರೆ ಜೊತೆಗೊಬ್ಬರನ್ನು ಕೊಟ್ಟು ಇಳಿಸುತ್ತೀರೋ, ಅಂದಿನ ಕೂಲಿ ಕೊಟ್ಟು ಒಬ್ಬನನ್ನೇ ಅಟ್ಟುತ್ತೀರೋ? ಉತ್ತರವನ್ನು ಬರಹದಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇಷ್ಟು ಮರುಗಿ ಬರೆಯುವುದಕ್ಕೆ ಕಾರಣವಿದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ನಮ್ಮ ರಾಜ್ಯದಿಂದ ಹೋಗಿದ್ದ 9 ಮಂದಿ ತೀರಿಕೊಂಡರು. ಬದುಕುಳಿದವರನ್ನು ಕರೆತರಲು ರಾಜ್ಯದ ಸಚಿವರೇ ಡೆಹ್ರಾಡೂನಿಗೆ ಹೋದರು. ಮಡಿದವರಲ್ಲಿ ಬೆಟ್ಟ ಬಲ್ಲವರೂ ಇದ್ದರು. ಅದು ಡೇರೆಯ ಚಾರಣ, ಅಲ್ಲಿ ಕೊಂದದ್ದು ಹವೆ. ತಮ್ಮದು ಸೂರು ಸಿಗುವ ಚಾರಣ, ನಿಜ. ಆದರೆ ಆ ಎತ್ತರದಲ್ಲಿ ಒಂದು ದಿನದ ಸಾವಕಾಶ ಇಲ್ಲದವನಿಗೆ ಸೂರಿದ್ದರೂ ಅಷ್ಟೇ. ಹೊರಗೆ ಗಾಳಿ ಕೆಟ್ಟಾಗ, ಒಳಗೆ ತಲೆ ಸಿಡಿಯುವಾಗ ‘ಇವತ್ತು ಇಲ್ಲೇ ಇರೋಣ’ ಎನ್ನಲು ಪಟ್ಟಿಯಲ್ಲಿ ಜಾಗವಿರಬೇಕು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ನಾಮ್ಚೆಯ ಮತ್ತು ಡಿಂಗ್ಬೋಚೆಯ ದಿನಗಳನ್ನು ನಮಗೆ ಹಿಂದಿರುಗಿಸಿ. ಹವೆಗೆಂದು ಎರಡು ದಿನ ಮೀಸಲಿಡಿ. ಅದರ ಖರ್ಚು ಸೇರಿಸಿಯೇ ದರ ಹೇಳಿ, ನಮ್ಮವರು ಚೌಕಾಸಿ ಮಾಡದಂತೆ ನಾನು ಒಪ್ಪಿಸುತ್ತೇನೆ. ಹೆಲಿಕಾಪ್ಟರ್ ರಕ್ಷಣೆಯ ವಿಮೆ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆಂದು ಪತ್ರದಲ್ಲಿ ತೋರಿಸಿ. ಹಿಂದಿರುಗಬೇಕೆಂದು ಮಾರ್ಗದರ್ಶಿ ಹೇಳಿದರೆ ಅದೇ ಕೊನೆಯ ಮಾತು ಎಂದು ಬರೆದುಕೊಡಿ. ಇಷ್ಟು ಮಾಡಿದರೆ ನಮ್ಮ ಐದೂ ಊರುಗಳಿಂದ ತಮಗೆ ಜನ ಕರೆತರುವ ಕೆಲಸ ನನ್ನದು.

ಕೊನೆಯ ಮಾತು ನಮ್ಮ ಮಕ್ಕಳಿಗೆ. ಹೋಗಿಬನ್ನಿ, ಖಂಡಿತ ಹೋಗಿಬನ್ನಿ. ಕಾಲಿಗೆ ಉಚ್ಚಂಗಿದುರ್ಗದ ಮೆಟ್ಟಿಲುಗಳಲ್ಲಿ ಅಭ್ಯಾಸ ಮಾಡಿ, ಎದೆಗೆ ವೈದ್ಯರ ತಪಾಸಣೆ ಮಾಡಿಸಿ. ತಲೆನೋವು ಬಂದರೆ ಮುಚ್ಚಿಡಬೇಡಿ, ಜೊತೆಯವರೂ ಮುಚ್ಚಿಡಲು ಬಿಡಬೇಡಿ. ಹಣ ಕಟ್ಟುವ ಮೊದಲು ಪಟ್ಟಿಯಲ್ಲಿ ನಾಮ್ಚೆಗೆ ಎರಡು ರಾತ್ರಿ, ಡಿಂಗ್ಬೋಚೆಗೆ ಎರಡು ರಾತ್ರಿ ಇವೆಯೇ ನೋಡಿ. ಇಲ್ಲದಿದ್ದರೆ, ಎಷ್ಟೇ ಅಗ್ಗವಾಗಿದ್ದರೂ, ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಇಂತಿ ತಮ್ಮ ವಿಶ್ವಾಸಿ,
ಕೊಟ್ಟೂರಿನ ಒಬ್ಬ ನಿವೃತ್ತ ಮೇಷ್ಟ್ರು