ಬೀಟ್‌ತಂತ್ರಾಂಶ ಮೀಮಾಂಸೆ, ಅಥವಾ ಗ್ಯಾರೇಜ್‌ಬ್ಯಾಂಡ್ ಮತ್ತು ಲಾಜಿಕ್ ಪ್ರೊಗಳ ಭೇದಾಭೇದ ವಿಚಾರ

ಅನುಬಂಧ ಚತುಷ್ಟಯ

ಶಾಸ್ತ್ರ ಹೇಳುವವನು ಮೊದಲು ನಾಲ್ಕು ಸಂಗತಿ ತಿಳಿಸಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅಧಿಕಾರಿ: ಲ್ಯಾಪ್‌ಟಾಪ್, ಹೆಡ್‌ಫೋನ್ ಮತ್ತು ಪಕ್ಕದ ಕೋಣೆಯಲ್ಲಿ ಮಲಗಿದ ತಂದೆ, ಈ ಮೂರನ್ನೂ ಉಳ್ಳ ತರುಣ. ವಿಷಯ: ಬೀಟ್ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ಎಳಬರದು ಯಾವುದು, ಪಳಗಿದವರದು ಯಾವುದು. ಸಂಬಂಧ: ಕೊಂಡವನಿಗೂ ಕೊಂಡದ್ದಕ್ಕೂ ಇರುವುದು, ಬಹುಪಾಲು ಇದು ಕಂತಿನ ಸಂಬಂಧ. ಪ್ರಯೋಜನ: ಎರಡು ಪಂಗಡಗಳ ಜಗಳ ತೀರಿಸುವುದು, ತೀರದಿದ್ದಲ್ಲಿ ಮೂರನೆಯ ಪಂಗಡ ಹುಟ್ಟಿಸುವುದು. ಶಾಸ್ತ್ರಗಳಲ್ಲಿ ಎರಡನೆಯದೇ ಹೆಚ್ಚು ವಾಡಿಕೆ.

ಪದಾರ್ಥ ನಿರೂಪಣೆ

ಬೀಟ್ ಎಂಬುದು ಪಂಚಭೂತಾತ್ಮಕ. ಕಿಕ್, ಸ್ನೇರ್, ಹೈ-ಹ್ಯಾಟ್, ಬೇಸ್ ಇವು ನಾಲ್ಕು. ಐದನೆಯದು ಖಾಲಿ ಜಾಗ. ಎಳಬರು ಈ ಐದನೆಯದು ಕಣ್ಣಿಗೆ ಬಿದ್ದೊಡನೆ ಅಲ್ಲೂ ಒಂದು ಹೈ-ಹ್ಯಾಟ್ ಇಟ್ಟುಬಿಡುತ್ತಾರೆ.

ಇವೆಲ್ಲ ನೆಲೆಸುವ ಕ್ಷೇತ್ರಕ್ಕೆ ಹದಿನಾರು ಮನೆಗಳು. 1980ರಲ್ಲಿ ಜಪಾನಿನ ರೋಲಂಡ್ ಕಂಪನಿ ತಂದ ಟಿಆರ್-808 ಡ್ರಮ್ ಯಂತ್ರದ ಮುಂಭಾಗದಲ್ಲಿ ಹದಿನಾರು ಗುಂಡಿಗಳು ಸಾಲಾಗಿದ್ದವು. ತೊಂಬತ್ತರ ದಶಕದ ಕೊನೆಗೆ ಬೆಲ್ಜಿಯಂನ ಇಮೇಜ್-ಲೈನ್ ಅದೇ ಬಗೆಯ ಸಾಲನ್ನು ಕಂಪ್ಯೂಟರ್ ಪರದೆಗೆ ಏರಿಸಿ ಫ್ರೂಟಿಲೂಪ್ಸ್ ಎಂದು ಹೆಸರಿಟ್ಟಿತು. ಹಣ್ಣಿನ ಹೆಸರಿದ್ದರೆ ಹಿರಿಯರು ಹತ್ತಿರ ಸುಳಿಯುವುದಿಲ್ಲವೆಂದೋ ಏನೋ, ಮುಂದೆ ಅದು ಎಫ್ಎಲ್ ಸ್ಟುಡಿಯೋ ಆಯಿತು.

ಲಕ್ಷಣ ಪರೀಕ್ಷೆ

ಲಕ್ಷಣಕ್ಕೆ ಅಂಟುವ ದೋಷಗಳು ಮೂರು: ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ. ನಮ್ಮ ಪೂರ್ವಪಕ್ಷಿಗಳು ಮೂರನ್ನೂ ಸರದಿಯಲ್ಲಿ ಸಂಪಾದಿಸಿರುವುದರಿಂದ ಕೆಲಸ ಹಗುರವಾಗಿದೆ.

"ಅಗ್ಗವಾದದ್ದು ಎಳಬರದು" ಎಂಬುದು ಮೊದಲ ಮತ. 2004ರಿಂದ ಆಪಲ್ ಕಂಪನಿ ಮ್ಯಾಕ್ ಕೊಂಡವರ ಮಡಿಲಿಗೆ ಗ್ಯಾರೇಜ್‌ಬ್ಯಾಂಡನ್ನು ಹಾಕುತ್ತ ಬಂದಿರುವುದೇ ಇವರ ಆಧಾರ. ಆದರೆ ರೀಪರ್ ಎಂಬುದೊಂದಿದೆ. ಹಾಡು ನುಡಿಸುವ ವಿನ್ಆಂಪ್ ತಂತ್ರಾಂಶ ಬರೆದ ಜಸ್ಟಿನ್ ಫ್ರಾಂಕೆಲ್‌ರ ಕೈಯದು. ಸಣ್ಣ ಬಳಕೆದಾರರಿಗೆ ಲೈಸೆನ್ಸಿಗೆ 60 ಡಾಲರ್. 60 ದಿನದ ಪರೀಕ್ಷಾವಧಿ ಮುಗಿದ ಮೇಲೂ ಬಾಗಿಲು ಹಾಕದೆ, "ಇನ್ನೂ ದುಡ್ಡು ಕೊಟ್ಟಿಲ್ಲ" ಎಂದು ನೆನಪಿಸಿ ಒಳಗೆ ಬಿಡುತ್ತದೆ. ನುರಿತ ರೆಕಾರ್ಡಿಸ್ಟುಗಳೂ ಇದರಲ್ಲಿ ದುಡಿಯುತ್ತಾರೆ. ಅಗ್ಗವೆಂಬ ಲಕ್ಷಣ ಅವರನ್ನೂ ಎಳಬರ ಬೆಂಚಿನಲ್ಲಿ ಕೂರಿಸುವುದರಿಂದ ಅತಿವ್ಯಾಪ್ತಿ.

"ಟ್ರ್ಯಾಕ್ ಹೆಚ್ಚಿದ್ದರೆ ಪಳಗಿದವರದು" ಎಂಬುದು ಎರಡನೆಯ ಮತ. ಏಬಲ್ಟನ್ ಲೈವ್‌ನ ಇಂಟ್ರೋ ಆವೃತ್ತಿ 16 ಟ್ರ್ಯಾಕಿಗೆ ಕೈ ತೊಳೆದುಕೊಳ್ಳುತ್ತದೆ. ಅದೇ ಆಪಲ್ ದುಡ್ಡಿಗೆ ಮಾರುವ ಲಾಜಿಕ್ ಪ್ರೊ 1000 ಆಡಿಯೋ ಟ್ರ್ಯಾಕುಗಳವರೆಗೂ ಹೋಗುತ್ತದೆ. ಮೇಲೆ ಹೇಳಿದ ಭೂತಗಳಲ್ಲಿ ಸದ್ದು ಮಾಡುವವು ನಾಲ್ಕೇ. ಉಳಿದ 996 ಟ್ರ್ಯಾಕುಗಳ ವಿನಿಯೋಗವನ್ನು ಯಾವ ಭಾಷ್ಯಕಾರನೂ ವಿವರಿಸಿಲ್ಲ. ನಾಲ್ಕೈದು ಟ್ರ್ಯಾಕಿನಲ್ಲೇ ಅನ್ನ ಸಂಪಾದಿಸುವ ಬೀಟ್‌ಗಾರರು ಈ ಲಕ್ಷಣದ ಹೊರಗೇ ಉಳಿಯುವುದರಿಂದ ಅವ್ಯಾಪ್ತಿ.

"ಎಳಬರ ಸಾಫ್ಟ್‌ವೇರಿನಿಂದ ದೊಡ್ಡ ಹಾಡು ಹುಟ್ಟದು" ಎಂಬುದು ಮೂರನೆಯ ಮತ. ಇದನ್ನು ಮೇಜು ಗುದ್ದಿ ಹೇಳುವುದು ಸಂಪ್ರದಾಯ. 2003ರಲ್ಲಿ ಬಂದ ಜೇ-ಝೀಯ 'ದ ಬ್ಲ್ಯಾಕ್ ಆಲ್ಬಮ್'ನ 'ಥ್ರೆಟ್' ಹಾಡಿನ ಬೀಟನ್ನು ಬೀಟ್‌ಗಾರ ನೈನ್ತ್ ವಂಡರ್ ಕಟ್ಟಿದ್ದು ಫ್ರೂಟಿಲೂಪ್ಸ್‌ನಲ್ಲಿ. 2007ರಲ್ಲಿ ಜಗತ್ತಿನ ಕಿವಿ ತುಂಬಿದ ರಿಹಾನಾಳ 'ಅಂಬ್ರೆಲ್ಲಾ'ದ ಡ್ರಮ್ಸ್, ಗ್ಯಾರೇಜ್‌ಬ್ಯಾಂಡಿನ ಜೊತೆಗೇ ಬರುವ 'ವಿಂಟೇಜ್ ಫಂಕ್ ಕಿಟ್ 03' ಎಂಬ ಲೂಪು. ಅದನ್ನು ಅಂದು ಯಾವ ಶಾಲಾ ಹುಡುಗನೂ ಎಳೆದು ತಂದು ಹಾಕಬಹುದಿತ್ತು. ಹಾಕಿಯೂ ಇದ್ದ, ಮೇಲೆ ಹೈ-ಹ್ಯಾಟ್ ಸೇರಿಸಿದ್ದ. ಈ ಮತಕ್ಕೆ ಅಸಂಭವ ದೋಷ, ಮೇಜಿಗೆ ಪೆಟ್ಟು.

ಪರಿಶಿಷ್ಟ ವಾದಗಳು

ಪ್ರೊ ಟೂಲ್ಸ್ ಪಂಥದವರು ಈ ಜಗಳವನ್ನು ದೂರದಿಂದ ನೋಡಿ ನಗುತ್ತಾರೆ. ಅದು 1991ರಿಂದ ಇರುವ ಮಠ. ಹಲವು ಮೈಕುಗಳ ಧ್ವನಿಮುದ್ರಣ, ಸಂಕಲನ, ಸಿನಿಮಾ ಮಿಕ್ಸಿಂಗ್ ಅದರ ಮಡಿಕೆಲಸ. ಬೀಟ್ ಬೇರೆಡೆ ಹುಟ್ಟಿ, ಬಿಡಿಬಿಡಿ ಟ್ರ್ಯಾಕುಗಳಾಗಿ ಅಲ್ಲಿಗೆ ದೀಕ್ಷೆಗೆ ಹೋಗುವುದು ವಾಡಿಕೆ.

ಎಫ್ಎಲ್ ಸ್ಟುಡಿಯೋದ ಉಚಿತ ಪರೀಕ್ಷಾ ಆವೃತ್ತಿಯದು ಉನ್ನತ ದರ್ಶನ. ಅದರಲ್ಲಿ ಎಷ್ಟು ಬೀಟ್ ಬೇಕಾದರೂ ಕಟ್ಟಿ ಸೇವ್ ಮಾಡಬಹುದು. ದುಡ್ಡು ಕೊಡುವತನಕ ಮತ್ತೆ ತೆರೆಯುವಂತಿಲ್ಲ. ನಿಷ್ಕಾಮ ಕರ್ಮವನ್ನು ಹೀಗೆ ಕೈಹಿಡಿದು ಕಲಿಸಿದ ಗುರು ಬೇರಿಲ್ಲ.

ಸಿದ್ಧಾಂತ

ಈಗ ನಮ್ಮ ಮತ. ಎಳಬರ ಸಾಫ್ಟ್‌ವೇರ್ ತಪ್ಪನ್ನು ಪುಕ್ಕಟೆ ತಿದ್ದುತ್ತದೆ. ಪಳಗಿದವರ ಸಾಫ್ಟ್‌ವೇರ್ ದುಡ್ಡು ಪಡೆದು ಅದೇ ತಪ್ಪನ್ನು ಹಿಂದಿರುಗಿಸುತ್ತದೆ.

ವಿವರಣೆ: ಬೆರಳು ಸ್ನೇರನ್ನು ಕೂದಲೆಳೆಯಷ್ಟು ತಡವಾಗಿ ಬಾರಿಸಿದರೆ ಕ್ವಾಂಟೈಸ್ ಎಂಬ ಸಂಸ್ಕಾರ ಅದನ್ನು ಎಳೆದು ಗೆರೆಯ ಮೇಲೆ ಕೂರಿಸುತ್ತದೆ. ಹದಿನಾರೂ ಪೆಟ್ಟು ಹೀಗೆ ಶಿಸ್ತಾಗಿ ಕೂತ ಮೇಲೆ ಬೀಟಿಗೆ ಜೀವವಿಲ್ಲವೆಂಬ ದೂರು ಏಳುತ್ತದೆ. ಇದನ್ನು ಮೊದಲೇ ಬಲ್ಲವರಂತೆ ರೋಜರ್ ಲಿನ್ 1980ರ ತಮ್ಮ ಎಲ್ಎಂ-1 ಡ್ರಮ್ ಯಂತ್ರದಲ್ಲಿ ತಿದ್ದುವ ಗುಂಡಿಯ ಜೊತೆಗೇ ಸ್ವಿಂಗನ್ನೂ ಇಟ್ಟರು. 1988ರಲ್ಲಿ ಅಕಾಯ್ ಕಂಪನಿಗೆ ಅವರು ರೂಪಿಸಿದ ಎಂಪಿಸಿ-60 ಯಂತ್ರದಲ್ಲೂ ಸ್ವಿಂಗ್ ಮುಂದುವರಿಯಿತು. ಸಾಲಿನ ಸಮಸಂಖ್ಯೆಯ ಪೆಟ್ಟುಗಳನ್ನು ಇಷ್ಟಿಷ್ಟೇ ತಡವಾಗಿಸುವುದು ಸ್ವಿಂಗ್. ಶೇಕಡಾ ಐವತ್ತರಲ್ಲಿಟ್ಟರೆ ನಡೆ ನೆಟ್ಟಗೆ. ಅರವತ್ತಾರಕ್ಕೆ ಬಂದರೆ ನಮ್ಮ ಮೃದಂಗದವರು ತಿಶ್ರವೆಂದು ತಲೆದೂಗುತ್ತಾರೆ. ಅವೆರಡರ ನಡುವೆ ಎಲ್ಲೋ ಬೀಟ್‌ಗಾರರ ಮೋಕ್ಷ. ಡೆಟ್ರಾಯಿಟಿನ ಬೀಟ್‌ಗಾರ ಜೆ ಡಿಲ್ಲಾ ಗೆರೆಗೆ ಶರಣಾಗದೆ ಪೆಟ್ಟುಗಳನ್ನು ತೂರಾಡಿಸಿದ್ದಕ್ಕೆ, ಆತ 2006ರಲ್ಲಿ ತೀರಿಕೊಂಡ ಮೇಲೆ ಆತನ ಎಂಪಿಸಿ-3000 ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. ಇಂದು ಏಬಲ್ಟನ್ ಲೈವ್ ಹಳೆಯ ಎಂಪಿಸಿಯ ವಾಲಾಟವನ್ನು ಅಳತೆ ಹಿಡಿದು ಬಡಿಸುತ್ತದೆ. ಲಾಜಿಕ್‌ನಲ್ಲಿ ಪೆಟ್ಟುಗಳನ್ನು ಲೆಕ್ಕವಿಟ್ಟು ಕೆಡಿಸುವ ಹ್ಯೂಮನೈಸ್ ಎಂಬ ಕ್ರಿಯೆಯೇ ಇದೆ.

"ಸ್ವಾಮಿ, ಗ್ಯಾರೇಜ್‌ಬ್ಯಾಂಡಿನಲ್ಲೂ ಸ್ವಿಂಗ್ ಇದೆಯಲ್ಲ?" ಎಂದು ಹಿಂದಿನ ಸಾಲಿನ ಆಕ್ಷೇಪ. ಇದೆ. ಆದರೆ ಅಲ್ಲಿ ಅದು ಪುಕ್ಕಟೆ. ಪುಕ್ಕಟೆ ಸಿಕ್ಕ ತಪ್ಪು ಬರೀ ತಪ್ಪು. ಬೆಲೆ ತೆತ್ತು ಕೊಂಡ ತಪ್ಪು ಶೈಲಿ. ಇದಕ್ಕೆ ಮೇಲ್ಮನವಿ ಇಲ್ಲ.

ಆಶ್ರಮ ಧರ್ಮ

ಬ್ರಹ್ಮಚರ್ಯದಲ್ಲಿ ಸಾಧಕನು ಪುಕ್ಕಟೆಯದರಲ್ಲಿ ದಿನಕ್ಕೊಂದು ಬೀಟ್ ಮುಗಿಸುತ್ತಾನೆ. ಗಾರ್ಹಸ್ಥ್ಯದಲ್ಲಿ ದೊಡ್ಡ ಸಾಫ್ಟ್‌ವೇರ್ ಕೊಂಡು, ಹಿಂದೆಯೇ ಪ್ಲಗಿನ್ ಸಂತಾನ ಪಡೆದು, ಅಪ್‌ಡೇಟ್ ಮಾಡುವುದರಲ್ಲೇ ವಾರ ಕಳೆಯುತ್ತಾನೆ. ವಾನಪ್ರಸ್ಥದಲ್ಲಿ ಕಂಪ್ಯೂಟರನ್ನೇ ತ್ಯಜಿಸಿ, ಅದರ ಎರಡರಷ್ಟು ಬೆಲೆಗೆ ಹಳೆಯ ಡ್ರಮ್ ಯಂತ್ರ ತರಿಸುತ್ತಾನೆ. ಸನ್ಯಾಸದಲ್ಲಿ "ಉಪಕರಣ ಮುಖ್ಯವಲ್ಲ, ಕಿವಿ ಮುಖ್ಯ" ಎಂದು ಯೂಟ್ಯೂಬಿನಲ್ಲಿ ಉಪದೇಶಿಸುತ್ತಾನೆ. ಉಪದೇಶದ ಕೆಳಗೆ ತಾನು ಬಳಸುವ ಉಪಕರಣಗಳ ಪಟ್ಟಿ ಇರುತ್ತದೆ.

ಫಲಶ್ರುತಿ

ಈ ಮೀಮಾಂಸೆಯನ್ನು ಒಮ್ಮೆ ಓದಿದವನು ವಾದದಲ್ಲಿ ಗೆಲ್ಲುವನು. ಎರಡು ಬಾರಿ ಓದಿದವನಿಗೆ ಹಬ್ಬದ ರಿಯಾಯಿತಿಯ ಸೂಚನೆ ತಾನಾಗಿ ಬರುವುದು. ತ್ರಿಕಾಲ ಪಠಿಸುವವನು ಸಕಲ ಸಾಫ್ಟ್‌ವೇರ್‌ಗಳ ಗುಣದೋಷಗಳಲ್ಲಿ ಪಾರಂಗತನಾಗಿ, ಬೀಟ್ ಒಂದನ್ನೂ ಮುಗಿಸದೆ, ತೀರ್ಪುಗಾರನ ಕುರ್ಚಿ ಏರುವನು. ಓದುವ ಪುರುಸೊತ್ತಿಲ್ಲದೆ, ಇದ್ದ ಸಾಫ್ಟ್‌ವೇರಿನಲ್ಲೇ ಆ ಸ್ನೇರನ್ನು ಹಿಂದೆ ಮುಂದೆ ಸರಿಸುತ್ತ ಕೂತವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಅವನಿಗೆ ಬೀಟ್ ಮಾತ್ರ ಸಿಗುವುದು.