ಕಡಲಿಗೆ ಹೊರಟ ತೆರಕಣಾಂಬಿಯ ತಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ,

ಕೇರಳದ ಕೋವಳಂಗೋ ವರ್ಕಲಾಕ್ಕೋ ಹೋಗಿ ಸರ್ಫಿಂಗ್ ಕಲಿತು ಬರೋಣವೆಂದು ನೀವು ಹೊರಟಿದ್ದೀರಿ. ಹೊರಡುವ ಮೊದಲೇ ನಿಮ್ಮೊಳಗೆ ಎದ್ದ ಜಗಳ ಊರಿಗೆಲ್ಲ ಕೇಳಿಸಿದೆ. ಸರ್ಫಿಂಗ್ ಬಿಳಿಯರ ಆಟ, ನಮಗ್ಯಾಕೆ ಅಂತ ಒಬ್ಬ ಅಂದನಂತೆ. ಕಡಲೇ ಬೇಕಿದ್ದರೆ ನಮ್ಮ ಮಂಗಳೂರಿದೆ, ಕೇರಳದವರಿಗೆ ಯಾಕೆ ದುಡ್ಡು ಸುರಿಯಬೇಕು ಅಂತ ಇನ್ನೊಬ್ಬ. ಕೊನೆಗೆ ಮಾತು ಬಿಯರಿಗೆ ಇಳಿದು, ಕಿಂಗ್‌ಫಿಷರ್ ಕುಡಿಯುವವನು ದೇಶದವನು, ಬಡ್‌ವೈಸರ್ ಕೇಳುವವನು ಪರದೇಶಿ ಅನ್ನುವವರೆಗೂ ಹೋಯಿತು. ನಿಮ್ಮ ಪ್ರವಾಸದ ಮೇಲೆ ನನಗೆ ಸಿಟ್ಟಿಲ್ಲ. ಹೋಗಿಬನ್ನಿ. ಆದರೆ ಯಾರು ಈ ದೇಶದವರು, ಯಾರು ಈ ನಾಡಿನವರು ಎಂಬುದನ್ನು ಇಷ್ಟು ಸುಲಭವಾಗಿ ಅಳೆಯುವುದು ತಪ್ಪು ಎಂದು ನಂಬಿದ್ದೇನೆ. ಈ ಮಾತು ನಿಮ್ಮ ಜೊತೆಗೆ ಊರವರೆಲ್ಲರಿಗೂ ಸೇರಬೇಕಾದ್ದು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಆಟದ ಮಾತು. ಸರ್ಫಿಂಗ್ ಬಿಳಿಯರದ್ದಲ್ಲ. ಶಾಂತಸಾಗರದ ಪಾಲಿನೇಶಿಯಾ ದ್ವೀಪಗಳ ಜನ ಮರದ ಹಲಗೆಯ ಮೇಲೆ ನಿಂತು ಅಲೆ ಏರುತ್ತಿದ್ದರು. ಹವಾಯಿಯಲ್ಲಿ ಅರಸರೂ ಆಳುಗಳೂ ಅದನ್ನು ಆಡಿದರು. ಜಗತ್ತಿಗೆ ಅದನ್ನು ಹರಡಿದ ಡ್ಯೂಕ್ ಕಹಾನಮೊಕು ಹವಾಯಿಯ ಮೂಲನಿವಾಸಿ. ಅವನು 1912ರ ಮತ್ತು 1920ರ ಒಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದದ್ದು ಅಮೆರಿಕದ ಬಾವುಟದ ಅಡಿಯಲ್ಲಿ. ಅವನ ನಾಡನ್ನು ಅಮೆರಿಕ 1898ರಲ್ಲಿ ತನ್ನೊಳಗೆ ಸೇರಿಸಿಕೊಂಡಿತ್ತು. ಇವತ್ತಿಗೂ ವೃತ್ತಿಪರ ವರ್ಲ್ಡ್ ಸರ್ಫ್ ಲೀಗಿನಲ್ಲಿ ಹವಾಯಿಯವರು ಹವಾಯಿಯ ಬಾವುಟದಡಿಯಲ್ಲೇ ಆಡುತ್ತಾರೆ. ಸರ್ಫಿಂಗ್ ಮೊದಲ ಬಾರಿ ಒಲಿಂಪಿಕ್ಸ್ ಸೇರಿದ್ದು ಟೋಕಿಯೋದಲ್ಲಿ, 2021ರಲ್ಲಿ. ಅಲ್ಲಿ ಹೆಂಗಸರ ಚಿನ್ನ ಗೆದ್ದ ಕ್ಯಾರಿಸಾ ಮೂರ್ ಹವಾಯಿಯವಳು. ಲೀಗಿನಲ್ಲಿ ಒಂದು ಬಾವುಟ ಹೊತ್ತವಳು ಅಲ್ಲಿ ಅಮೆರಿಕದ ಬಾವುಟ ಹೊತ್ತಳು. ಅದೇ ಕೂಟದಲ್ಲಿ ಜಪಾನಿಗೆ ಬೆಳ್ಳಿ ತಂದ ಕನೋವಾ ಇಗರಾಶಿ ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಜಪಾನಿನಿಂದ ಹೋದ ತಂದೆತಾಯಿಗೆ. ಒಬ್ಬೊಬ್ಬರ ಒಳಗೆ ಎರಡೆರಡು ನಾಡಿವೆ. ಯಾವುದನ್ನೂ ಅವರು ಕಳೆದುಕೊಳ್ಳಲಿಲ್ಲ.

ಅಷ್ಟು ದೂರವೂ ಹೋಗಬೇಕಿಲ್ಲ. ರಮೇಶ್ ಬೂದಿಹಾಳ್ ಹೆಸರು ಕೇಳಿದ್ದೀರಿ. 2025ರ ಆಗಸ್ಟಿನಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಕಂಚು ಗೆದ್ದರು. ಆ ಕೂಟದಲ್ಲಿ ವೈಯಕ್ತಿಕ ಪದಕ ಗೆದ್ದ ಮೊದಲ ಭಾರತೀಯ ಅವರೇ. ಅವರ ಕುಟುಂಬ ಕರ್ನಾಟಕದಿಂದ ಹೊಟ್ಟೆಪಾಡಿಗೆ ಕೋವಳಂಗೆ ಹೋಗಿ, ಕಡಲ ದಂಡೆಯಲ್ಲಿ ಪ್ರವಾಸಿಗರಿಗೆ ಕರಕುಶಲ ವಸ್ತು ಮಾರಿ ಬದುಕಿದ್ದು. ಮಗ ಅದೇ ಕಡಲಲ್ಲಿ ಅಲೆ ಏರಲು ಕಲಿತ. ದೇಶದೊಳಗಿನ ಪಂದ್ಯಗಳಲ್ಲಿ ಕರ್ನಾಟಕದ ಹೆಸರಿನಲ್ಲಿ ಆಡಿದ. ಪದಕ ಗೆದ್ದದ್ದು ತಮಿಳುನಾಡಿನ ದಂಡೆಯಲ್ಲಿ, ಭಾರತದ ಹೆಸರಿನಲ್ಲಿ.

ಪದಕ ಬಂದ ಕೂಡಲೇ ನಮ್ಮಲ್ಲಿ "ಅವ ನಮ್ಮೋನು ಕಣ್ಲಾ" ಎಂಬ ಮಾತು ಎದ್ದಿತು. ಆ ಕಡೆಯವರು ಕೋವಳಂನ ಹುಡುಗ ಎಂದರು. ಇಬ್ಬರ ಮಾತೂ ನಿಜ. ನನ್ನ ಪ್ರಶ್ನೆ ಬೇರೆ. ಆ ಕುಟುಂಬ ಊರು ಬಿಟ್ಟು ಹೋಗುವಾಗ ನಾವು ಏನು ಕೊಟ್ಟಿದ್ದೆವು? ಮಳಲ ಮೇಲೆ ಬಿಸಿಲಲ್ಲಿ ಸಾಮಾನು ಹೊತ್ತು ತಿರುಗುವವರನ್ನು ಕಂಡು ಅವರು ಕನ್ನಡದವರು ಎಂದು ಮಾತಾಡಿಸಿದವರೆಷ್ಟು? ಗೆದ್ದ ಮೇಲೆ ನಮ್ಮವನೆನ್ನುವುದಕ್ಕೆ ಖರ್ಚಿಲ್ಲ. ಕಷ್ಟದಲ್ಲಿದ್ದಾಗ ನಮ್ಮವನೆಂದು ಹೇಳಿದರೆ ಮಾತ್ರ ಆ ಮಾತಿಗೆ ತೂಕ. ಕೋವಳಂನಲ್ಲಿ ಬೆಲ್ಜಿಯಂನಿಂದ ಬಂದವರು ಬಡಮಕ್ಕಳಿಗಾಗಿ ಕೆಲಸ ಶುರುಮಾಡಿದರು. ಅದರ ಜೊತೆಗೇ ಬೆಳೆದ ಕೋವಳಂ ಸರ್ಫ್ ಕ್ಲಬ್ಬಿನಲ್ಲಿ ಶಾಲೆಗೆ ಹೋಗದವರಿಗೆ ಹಲಗೆ ಇಲ್ಲ ಎಂಬ ನಿಯಮವಿತ್ತು. ದಂಡೆಯ ಮಕ್ಕಳನ್ನು ಅಲೆಯ ಆಸೆ ತೋರಿಸಿ ತರಗತಿಗೆ ಕಳಿಸಿದ ಉಪಾಯ ಅದು. ಯಾವ ದೇಶದವರು ಎಂದು ಕೇಳುವುದಕ್ಕಿಂತ ಮೊದಲು ಅವರ ಈ ಕೆಲಸವನ್ನು ನೋಡಬೇಕು.

ಮಂಗಳೂರಿಗೇ ಹೋಗೋಣ ಎಂದವನ ಮಾತೂ ಒಳ್ಳೆಯದೇ. ಅಲ್ಲಿಗೆ ಹತ್ತಿರ, ಶಾಂಭವಿ, ನಂದಿನಿ ಎರಡೂ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಮೊದಲ ಬಾರಿ ನಡೆಯಿತು. ಆಮೇಲೆ ಪಣಂಬೂರಿನಲ್ಲೂ ನಡೆದಿದೆ. ಪಕ್ಕದ ಮೂಲ್ಕಿಯಲ್ಲಿ ಸರ್ಫಿಂಗ್ ಆಶ್ರಮ ಶುರುವಾದದ್ದು 2004ರಲ್ಲಿ. ಕಟ್ಟಿದವರು ಜಾಕ್ ಹೆಬ್ನರ್ ಎಂಬ ಅಮೆರಿಕದವರು. ಚಿಕ್ಕಂದಿನಲ್ಲೇ ಅಲೆ ಏರಲು ಕಲಿತವರು, ಆಮೇಲೆ ಸನ್ಯಾಸ ತೆಗೆದುಕೊಂಡು ಸ್ವಾಮಿ ನರಸಿಂಗ ಆದವರು. 2020ರಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಜನ ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಅವರ ಆಶ್ರಮದಲ್ಲಿ ಸಸ್ಯಾಹಾರ, ಜಪ, ಬೆಳಗಿನ ಅಲೆ. ಬಿಯರಿಲ್ಲ, ಸಿಗರೇಟಿಲ್ಲ. ಸರ್ಫಿಂಗ್ ಅಂದರೆ ಬಾಟ್ಲು ಹಿಡಿದು ಮಳಲ ಮೇಲೆ ಬಿದ್ದುಕೊಳ್ಳುವುದು ಎಂದುಕೊಂಡವರು ಮೂಲ್ಕಿಯ ಈ ಕಥೆ ಕೇಳಬೇಕು. ಭಾರತದ ಸರ್ಫಿಂಗ್ ಬೆಳೆದ ತೊಟ್ಟಿಲುಗಳಲ್ಲೊಂದು ಇದು. ಮೂಲ್ಕಿಯ ತನ್ವಿ ಜಗದೀಶ್‌ರಂಥ ಹೆಣ್ಣುಮಕ್ಕಳು ಅದೇ ನೀರಿನಲ್ಲಿ ಕಲಿತು ಹೊರದೇಶಗಳಲ್ಲಿ ಆಡಿ ಬಂದರು. ಉಡುಪಿಯ ಕೋಡಿ ಬೆಂಗ್ರೆಯಲ್ಲಿ 2007ರಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರಾದ ಇಶಿತಾ ಮಾಳವೀಯ ಮುಂಬೈಯವರು. ಮಣಿಪಾಲಕ್ಕೆ ಓದಲು ಬಂದವರು, ಮೀನುಗಾರರ ಊರಿನ ಮಕ್ಕಳಿಗೆ ಹಲಗೆ ಹಿಡಿಯಲು ಕಲಿಸಿದರು. ಕರಾವಳಿ ಕರ್ನಾಟಕದ ಈ ಆಟವನ್ನು ಕಟ್ಟಿದ್ದು ಹೊರಗಿನವರೂ ಒಳಗಿನವರೂ ಕೂಡಿ.

ಇನ್ನು ಬಿಯರು. ನಮ್ಮೂರಿನಿಂದ ಸ್ವಲ್ಪ ಹೊತ್ತಿನ ದಾರಿಯಲ್ಲಿ ಮೂರು ರಾಜ್ಯಗಳ ಮದ್ಯದಂಗಡಿ ಇವೆ. ಇಲ್ಲಿ ಎಂಎಸ್‌ಐಎಲ್, ತಮಿಳುನಾಡಿನ ಕಡೆಗೆ ಟಾಸ್ಮಾಕ್, ಕೇರಳದ ಮುತ್ತಂಗ ದಾಟಿದರೆ ಬೆವ್ಕೋ. ಅದಕ್ಕೇ ಇರಬೇಕು, ಯಾವ ರಾಜ್ಯದ ಬಾಟ್ಲು ಮೇಲು ಎಂಬ ವಾದ ನಮ್ಮಲ್ಲಿ ಇಷ್ಟು ಜೋರು. ಆದರೆ ಕಿಂಗ್‌ಫಿಷರಿನ ಚರಿತ್ರೆಯನ್ನು ಒಮ್ಮೆ ನೋಡಿ. ಬಂಡೀಪುರ ದಾಟಿ ಊಟಿ, ಅಲ್ಲಿಂದ ಕೂನೂರಿಗೆ ಹೋಗುವ ದಾರಿಯ ಅರವಂಕಾಡಿನಲ್ಲಿ 1857ರಲ್ಲಿ ಕ್ಯಾಸಲ್ ಬ್ರೂವರಿ ಹುಟ್ಟಿತು. ಅದೂ ಸೇರಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ 1915ರಲ್ಲಿ ಇಂದು ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸ್ ಕಟ್ಟಿದವನು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. 2021ರಲ್ಲಿ ಹಾಲೆಂಡಿನ ಹೈನೆಕೆನ್ ಬಹುಪಾಲು ಷೇರು ಕೊಂಡು ಕಂಪನಿಯ ಹಿಡಿತ ತೆಗೆದುಕೊಂಡಿತು. ಬಿಯರಿನೊಳಗಿನ ಬಾರ್ಲಿ ಬಹುಮಟ್ಟಿಗೆ ರಾಜಸ್ಥಾನ, ಹರಿಯಾಣದ ಹೊಲದ್ದು. ಕಹಿ ಕೊಡುವ ಹಾಪ್ಸ್ ಹೆಚ್ಚಿನಂಶ ಹೊರದೇಶದಿಂದ ಬರಬೇಕು. ಬಡ್‌ವೈಸರಿನಂಥ ವಿದೇಶಿ ಹೆಸರಿನ ಬಿಯರೂ ಇಲ್ಲೇ, ಇಲ್ಲಿನ ನೀರಿನಿಂದ, ಇಲ್ಲಿನ ಕೂಲಿಯಾಳಿನ ಕೈಯಿಂದ ತಯಾರಾಗುತ್ತದೆ. ಹಾಗಿದ್ದಮೇಲೆ ಲೇಬಲ್ ನೋಡಿ ದೇಶಭಕ್ತಿ ತೂಗುವುದರಲ್ಲಿ ಏನರ್ಥ? ರುಚಿ ನಿಮ್ಮದು. ಕುಡಿಯುವುದು ಬಿಡುವುದೂ ನಿಮ್ಮದು. ದೇಶವನ್ನು ಆ ಬಾಟ್ಲಿನೊಳಕ್ಕೆ ತುಂಬಬೇಡಿ.

ನಮ್ಮ ಮಣ್ಣೇ ಈ ಪಾಠವನ್ನು ಕಲಿಸಬೇಕಿತ್ತು. ವಿಜಯನಗರದ ಕಾಲದ ವರದರಾಜಸ್ವಾಮಿ ಗುಡಿ ಇರುವ ಈ ಊರು ಎಷ್ಟು ಅರಸರ ಕೈ ಬದಲಾಯಿಸಿ ಮೈಸೂರಿಗೆ ಸೇರಿತು! ನಮ್ಮ ಪಕ್ಕದ ಕೊಳ್ಳೇಗಾಲ 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡಿಗರು ಎದೆ ಮುಟ್ಟಿ ಹೆಸರು ಹೇಳುವ ರಾಜಕುಮಾರ್ ಅವರ ಗಾಜನೂರು ಇವತ್ತಿಗೂ ಈರೋಡ್ ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ. ಗೆರೆಯ ಆಚೆಗಿನ ಊರಿನವರು ಎಂದು ಅವರ ಕನ್ನಡ ಒಂದು ಗುಂಜಿಯಷ್ಟಾದರೂ ಕಡಿಮೆಯಾಯಿತೇ? ಓಣಂ ಬಂದರೆ ಗುಂಡ್ಲುಪೇಟೆಯ ಚೆಂಡುಹೂ ಲಾರಿಗಳಲ್ಲಿ ಕೇರಳಕ್ಕೆ ಹೋಗುತ್ತದೆ; ನಮ್ಮ ರೈತರ ಒಂದು ವರ್ಷದ ಲೆಕ್ಕ ಅವರ ಹಬ್ಬದ ಮೇಲೆ ನಿಂತಿರುತ್ತದೆ. ಸೂರ್ಯಕಾಂತಿ ಅರಳಿದರೆ ಹೆದ್ದಾರಿ ಬದಿಯ ಹೊಲಗಳಲ್ಲಿ ಮಲಯಾಳಿ ಕುಟುಂಬಗಳು ಫೋಟೊ ತೆಗೆಸಿಕೊಳ್ಳುತ್ತವೆ. ವಯನಾಡಿನ ರೈತರು ನಮ್ಮ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಅವರ ಪೈಕಿ ಒಬ್ಬರ ಮಗು ನಮ್ಮ ಶಾಲೆಯಲ್ಲಿ ಕೂತಿದ್ದರೆ, ಕೋವಳಂ ರಮೇಶ್‌ಗೆ ಕೊಟ್ಟ ಜಾಗವನ್ನು ನಾವು ಆ ಮಗುವಿಗೆ ಕೊಡುತ್ತಿದ್ದೇವೆಯೇ? ನಮ್ಮ ನಾಡಪ್ರೇಮಕ್ಕೆ ಪರೀಕ್ಷೆ ಇರುವುದು ಇಲ್ಲಿ.

ನಾಡು, ದೇಶ ಎರಡನ್ನೂ ನಾನು ಹೊಣೆಯೆಂದು ತಿಳಿದಿದ್ದೇನೆ. ಯಾವ ನೆಲದ ನೀರು ಕುಡಿಯುತ್ತೀರೋ, ಯಾವ ದಾರಿಯಲ್ಲಿ ಹಾದುಹೋಗುತ್ತೀರೋ, ಆ ನೆಲಕ್ಕೂ ಅಲ್ಲಿನ ಜನಕ್ಕೂ ನಿಮ್ಮ ಋಣ ಉಂಟು. ಅದನ್ನು ತೀರಿಸುವವನು ಅಲ್ಲಿನವನಾಗುತ್ತಾನೆ. ಹಾಗಾಗಿ ಹೊರಡುವ ಮೊದಲು ನಿಮ್ಮಲ್ಲಿ ಕೆಲವು ಮಾತು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಗುಂಡ್ಲುಪೇಟೆಯಿಂದ ಮದ್ದೂರು ಚೆಕ್‌ಪೋಸ್ಟ್ ದಾಟಿದ ಮೇಲೆ ನೀವು ಬಂಡೀಪುರದಲ್ಲಿರುತ್ತೀರಿ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಆ ದಾರಿ ಮುಚ್ಚಿರುವುದು ಆನೆ, ಜಿಂಕೆ, ಹುಲಿಗಳು ಬದುಕಲಿ ಎಂದು. ಹಗಲಲ್ಲಿ ಹೋಗುವ ನಾವು ಕಾರಿನ ಕಿಟಕಿಯಿಂದ ಬಾಟ್ಲು ಎಸೆದರೆ ಆ ಕಾನೂನಿನ ಉದ್ದೇಶವನ್ನೇ ಕೊಂದಂತೆ. ಒಡೆದ ಗಾಜು ಆನೆಯ ಮೆತ್ತನೆ ಅಂಗಾಲಿಗೆ ಹೊಕ್ಕರೆ ಗಾಯ ಕೀವಾಗುತ್ತದೆ; ಆ ಪ್ರಾಣಿ ನೀರಿಗೂ ಮೇವಿಗೂ ನಡೆಯಲಾರದೆ ನರಳುತ್ತದೆ. ನೀಲಗಿರಿಯಲ್ಲಿ ಇದೇ ಕಾರಣಕ್ಕೆ ಮದ್ರಾಸ್ ಹೈಕೋರ್ಟಿನ ಒತ್ತಾಯದ ಮೇಲೆ 2022ರಲ್ಲಿ ಒಂದು ವ್ಯವಸ್ಥೆ ಬಂತು: ಟಾಸ್ಮಾಕ್ ಅಂಗಡಿಯಲ್ಲಿ ಬಾಟ್ಲಿಗೆ ಹತ್ತು ರೂಪಾಯಿ ಹೆಚ್ಚು ಕೊಡಬೇಕು, ಖಾಲಿ ಬಾಟ್ಲು ತಂದುಕೊಟ್ಟರೆ ಆ ಹಣ ವಾಪಸ್. ಗುಂಡ್ಲುಪೇಟೆ ತಾಲ್ಲೂಕಿನ ಮದ್ಯದಂಗಡಿಗಳಲ್ಲೂ ಇದೇ ವ್ಯವಸ್ಥೆ ಬರಬೇಕೆಂದು ಕರ್ನಾಟಕ ಸರ್ಕಾರವನ್ನು ಈ ಪತ್ರದ ಮೂಲಕ ಕೇಳುತ್ತೇನೆ. ನಿಮ್ಮ ಸಹಿಯೂ ಆ ಮನವಿಯ ಕೆಳಗೆ ಬೇಕು.

ಎರಡನೆಯದು, ಕಡಲಿನ ಭಯವನ್ನು ಗೌರವಿಸಿ. ನಮ್ಮದು ಕೆರೆ, ಬಾವಿಗಳ ಸೀಮೆ. ಈಜು ಬರದವರೇ ಹೆಚ್ಚು. ದಂಡೆಯಿಂದ ಒಳಕ್ಕೆಳೆಯುವ ಹರಿವು ಬಲಶಾಲಿಯನ್ನೂ ನಿಮಿಷದಲ್ಲಿ ದೂರ ಒಯ್ಯುತ್ತದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಲ್ಲಿ ಪ್ರಾಣ ಬಿಟ್ಟರು. ಒಳನಾಡಿನ ಮಕ್ಕಳಿಗೆ ಕಡಲಿನ ಗುಣ ಹೇಳಿಕೊಡುವವರಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಕುಡಿದು ನೀರಿಗೆ ಇಳಿಯಬೇಡಿ. ಎಷ್ಟೇ ಕಡಿಮೆ ಕುಡಿದಿದ್ದರೂ ಬೇಡ. ತೇಲುವ ಉಡುಪಿಲ್ಲದೆ, ಕಲಿಸುವವರಿಲ್ಲದೆ ಹಲಗೆ ಹತ್ತಬೇಡಿ. ಜೀವರಕ್ಷಕರು ಕೆಂಪು ಬಾವುಟ ನೆಟ್ಟ ದಿನ ದಂಡೆಯಲ್ಲೇ ಕೂತು ನೋಡಿ.

ಮೂರನೆಯದು, ದಂಡೆ ಯಾರದೋ ಹಿತ್ತಿಲು, ಯಾರದೋ ದುಡಿಮೆಯ ಜಾಗ. ಮೀನುಗಾರರು ಬಲೆ ಎಳೆಯುವಾಗ ಅಲ್ಲಿ ಹಲಗೆ ಇಳಿಸಬೇಡಿ, ದೋಣಿಗಳ ಮೇಲೆ ಕೂತು ಫೋಟೊ ತೆಗೆಸಬೇಡಿ. ಸಾಮಾನು ಮಾರುತ್ತಾ ಬರುವವರ ಜೊತೆ ಕನ್ನಡದಲ್ಲಿ ಒಂದು ಮಾತಾಡಿ ನೋಡಿ. ಕೆಲವರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಊರಿಗೆ ಯಾವಾಗ ಬರುತ್ತಾರೆ ಎಂದು ಕೇಳಿ. ಅಲ್ಲಿನ ಮಲಯಾಳಿ ಗುರು ನಿಮ್ಮನ್ನು ಅಲೆಗೆ ತಳ್ಳುವಾಗ ಅವನ ಮಾತಿನಲ್ಲೇ ಧನ್ಯವಾದ ಹೇಳುವುದನ್ನು ಕಲಿತುಕೊಳ್ಳಿ. ನಿಮ್ಮ ಕನ್ನಡ ಅದರಿಂದ ಸವೆಯುವುದಿಲ್ಲ.

2026ರ ಏಷ್ಯನ್ ಗೇಮ್ಸ್ ಜಪಾನಿನ ಐಚಿ–ನಗೋಯಾದ್ದು. ಅದರ ಸರ್ಫಿಂಗ್ ಪಂದ್ಯಗಳಿಗೆ ಭಾರತ ಮೊದಲ ಬಾರಿಗೆ ಅರ್ಹತೆ ಪಡೆದಿದೆ. ನಮ್ಮ ಅಲೆಗಾರರ ಮೇಲೆ ಆಗ ಇಡೀ ದೇಶದ ಕಣ್ಣು. ಮುಂದಿನ ಕೂಟಗಳಲ್ಲಿ ಚಾಮರಾಜನಗರದ ಒಬ್ಬ ಹುಡುಗಿ, ಒಬ್ಬ ಹುಡುಗ ಇರಬೇಕೆಂಬುದು ನನ್ನಾಸೆ. ಅದಕ್ಕೆ ಈ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಈಜುಕೊಳ ಬೇಕು, ಶಾಲೆಗಳಲ್ಲಿ ಈಜು ಪಾಠ ಬೇಕು, ಕರಾವಳಿಯ ಕ್ಲಬ್ಬುಗಳಿಗೆ ಬೇಸಿಗೆಯಲ್ಲಿ ಒಳನಾಡಿನ ಮಕ್ಕಳನ್ನು ಕಳಿಸುವ ಯೋಜನೆ ಬೇಕು. ನೀವು ಹೋಗಿಬಂದ ಮೇಲೆ ಈ ಕೆಲಸಕ್ಕೆ ಕೈ ಹಾಕಿ. ಜಿಲ್ಲಾ ಪಂಚಾಯಿತಿಯ ಬಾಗಿಲು ತಟ್ಟೋಣ, ನಾನೂ ಬರುತ್ತೇನೆ. ನಾಡಿನ ಮೇಲೆ ಪ್ರೀತಿ ಇದೆ ಎಂದು ಜಗಳವಾಡಿದವರೇ ಮೊದಲು ಬನ್ನಿ; ಮನವಿಪತ್ರದಲ್ಲಿ ನಿಮ್ಮ ಹೆಸರಿಗೆ ಮೊದಲ ಸಾಲನ್ನು ಬಿಟ್ಟಿರುತ್ತೇನೆ.

ಇಂತಿ ನಿಮ್ಮ ಅಣ್ಣ,
ತೆರಕಣಾಂಬಿ