ನಾಯಿಗೊಂದು ಪ್ಲಾಟಿನಂ ಉಂಗುರ

ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವ ಯಂತ್ರ ಒಂದೂ ಇಲ್ಲ. ಮಿಕ್ಸಿ ನಾನು ಮುಟ್ಟಿದರೆ ಗೊರ್ ಅಂದು ನಿಂತುಬಿಡುತ್ತದೆ. ನನ್ನವಳು ಜಾರಿನ ತಲೆಗೊಂದು ಏಟು ಕೊಟ್ಟರೆ ಓಡುತ್ತದೆ. ಗೀಸರಿನ ನೀರು ನನ್ನ ಸರದಿ ಬಂದಾಗಲೇ ತಣ್ಣಗಾಗುವುದು. ನಿಮ್ಮ ಮನೆಯಲ್ಲೂ ಹೀಗೇ ಅಂತ ಗೊತ್ತು, ಸುಮ್ಮನೆ ಹೂಂ ಅನ್ನಿ.

ಹೀಗಿರುವಾಗ ಬೇಸಿಗೆ ರಜೆಯಲ್ಲಿ ಮಗ ಊಟದ ಮೇಜಿನ ಮೇಲೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪುಸ್ತಕ ಹರಡಿಕೊಂಡು, “ಅಪ್ಪ, ಇದರಲ್ಲಿ ಆರ್ಟಿಫಿಸರ್ ಅಂತ ಒಬ್ಬ ಇರ್ತಾನೆ. ಯಂತ್ರಕ್ಕೆ ಮಂತ್ರ ಹಾಕಿ ಎಬ್ಬಿಸ್ತಾನೆ. ನೀನು ಅದೇ ಆಗು” ಅಂದ. ಎದೆ ಉಬ್ಬಿಹೋಯಿತು. ಇಷ್ಟು ವರ್ಷ ಗೀಸರಿನಿಂದ ಆದ ಅವಮಾನಕ್ಕೆ ಕೊನೆಗೂ ಒಂದು ಪರಿಹಾರ!

ಆಟ ಹೊಸದೇನಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಕೂತಲ್ಲೇ ಮಾತಾಡುತ್ತಾರೆ, ಏಟು ಬಿತ್ತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ತಾಳಮದ್ದಳೆಗೆ ಪಗಡೆ ಸೇರಿಸಿದಂತೆ ಅಂದುಕೊಳ್ಳಿ. ಕಥೆ ನಡೆಸುವವನು ಮಗ. ಅವನ ಇಬ್ಬರು ಸ್ನೇಹಿತರು ಒಬ್ಬ ಕತ್ತಿವೀರ, ಒಬ್ಬ ಪೂಜಾರಿ. ಆಟಕ್ಕೆ ಒಂದು ಕೈ ಕಡಿಮೆ ಬಿತ್ತೆಂದು ನನ್ನವಳನ್ನು ಮಂತ್ರವಾದಿ ಮಾಡಿ ಕೂರಿಸಿದೆವು. ಅಮ್ಮ ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಪ್ರೇಕ್ಷಕಿ.

ನಾನು ಆರಿಸಿದ್ದು ಆರ್ಟಿಫಿಸರ್‌ಗಳಲ್ಲಿ ‘ಬ್ಯಾಟಲ್ ಸ್ಮಿತ್’ ಎಂಬ ಪಂಗಡ. ಅವನಿಗೆ 3ನೇ ಲೆವೆಲ್‌ನಲ್ಲಿ ‘ಸ್ಟೀಲ್ ಡಿಫೆಂಡರ್’ ಎಂಬ ಮಂತ್ರದ ಲೋಹದ ಪ್ರಾಣಿ ಸಿಗುತ್ತದೆ. ಎರಡು ಕಾಲೋ ನಾಲ್ಕು ಕಾಲೋ, ನಮ್ಮಿಷ್ಟ. ನಾಲ್ಕು ಕಾಲಿನ ನಾಯಿ ಮಾಡಿಸಿ ‘ವಜ್ರಕಾಯ’ ಎಂದು ಹೆಸರಿಟ್ಟೆ. ಅಮ್ಮನ ಬಾಯಲ್ಲಿ ಅದು ಎರಡೇ ನಿಮಿಷಕ್ಕೆ ‘ಕಾಯಿ’ ಆಯಿತು.

ನಾವೆಲ್ಲ 5ನೇ ಲೆವೆಲ್. ನಾಯಿಯ ಹಿಟ್ ಪಾಯಿಂಟ್, ಅಂದರೆ ಆಯುಷ್ಯ, ಲೆಕ್ಕ ಹಾಕುವುದು ಹೀಗೆ: ಮೊದಲು 2, ಅದಕ್ಕೆ ಯಜಮಾನನ ಬುದ್ಧಿಯ ಅಂಕ, ಮೇಲೆ ಲೆವೆಲ್‌ನ ಐದರಷ್ಟು. “2, ಬುದ್ಧಿಗೆ 4, ಲೆವೆಲ್‌ಗೆ 25. ಒಟ್ಟು 31” ಅಂದೆ.

“ಬುದ್ಧಿಗೆ 4 ಕೊಟ್ಟೋರು ಯಾರು?” ಅಂದಳು ನನ್ನವಳು.

ಇನ್ನೊಂದು ನಿಯಮವಿದೆ. ಯಜಮಾನ ತನ್ನ ಸರದಿಯಲ್ಲಿ ಆಜ್ಞೆ ಕೊಡದಿದ್ದರೆ ಆ ಪ್ರಾಣಿ ಅತ್ತಿತ್ತ ಓಡಾಡುತ್ತಾ ಏಟು ತಪ್ಪಿಸಿಕೊಳ್ಳುತ್ತದೆಯೇ ಹೊರತು ತನ್ನ ಸರದಿಯಲ್ಲಿ ತಾನಾಗಿ ಬೇರೆ ಕೆಲಸಕ್ಕೆ ಇಳಿಯುವುದಿಲ್ಲ. ಮಗ ಇದನ್ನು ಓದಿದಾಗ ಮೇಜಿನ ಸುತ್ತ ಎಲ್ಲರೂ ನನ್ನನ್ನೇ ಯಾಕೆ ನೋಡಿದರೋ ತಿಳಿಯದು.

ಮೊದಲ ಭಾನುವಾರ ಒಂದು ಸಣ್ಣ ಜಗಳದಲ್ಲಿ ಕಾಯಿಗೆ ಪೆಟ್ಟಾಯಿತು. ನಾನು ಗಾಂಭೀರ್ಯದಿಂದ ‘ಕ್ಯೂರ್ ವೂಂಡ್ಸ್’ ಮಂತ್ರ ಹಾಕಿದೆ, ಎಂಟು ಮುಖದ ದಾಳ ಉರುಳಿಸಿದೆ, 8 ಬಿತ್ತು. ಜೀವಮಾನದಲ್ಲಿ ನನಗೆ ಬಿದ್ದ ಮೊದಲ ಎಂಟು. ಮಗ ಪುಸ್ತಕ ತಿರುಗಿಸಿ, “ಅಪ್ಪ, ಇದು ಯಂತ್ರಕ್ಕೆ ಹಿಡಿಯಲ್ಲ” ಅಂದ. 2014ರ ಪುಸ್ತಕದಲ್ಲಿ ಆ ಮಂತ್ರ ಹೆಣಗಳಿಗೂ ಯಂತ್ರಗಳಿಗೂ ನಾಟುವುದಿಲ್ಲ. 2024ರ ಹೊಸ ಪುಸ್ತಕದಲ್ಲಿ ಆ ಅಡ್ಡಿ ತೆಗೆದಿದ್ದಾರೆ, ಆದರೆ ನಮ್ಮ ಮನೆಯಲ್ಲಿರುವುದು ಹಳೆಯದು.

“ಗೀಸರ್‌ಗೆ ಜ್ವರದ ಮಾತ್ರೆ ಹಾಕಿದ ಹಾಗಾಯ್ತು ಬಿಡಿ” ಅಂದಳು ನನ್ನವಳು. ಯಂತ್ರಕ್ಕೆ ಬೇಕಾದದ್ದು ‘ಮೆಂಡಿಂಗ್’ ಅಂತೆ, ಬೆಸುಗೆಯ ಮಂತ್ರ. ಅದನ್ನು ಹಾಕಲು ಒಂದು ನಿಮಿಷ ಬೇಕು. ಜಗಳದಲ್ಲಿ ಒಂದು ಸುತ್ತು ಅಂದರೆ 6 ಸೆಕೆಂಡು. ನಾನು ಬೆಸುಗೆ ಮುಗಿಸುವಷ್ಟರಲ್ಲಿ ಶತ್ರು ಹತ್ತು ಸಲ ಹೊಡೆದಿರುತ್ತಾನೆ.

ಹಟ ಹತ್ತಿತು. ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ವಾರವಿಡೀ ಓದಿದೆ. ಆಫೀಸಿನ ಕಡತವನ್ನೂ ಅಷ್ಟು ಶ್ರದ್ಧೆಯಿಂದ ಓದಿದವನಲ್ಲ. ಸಿಕ್ಕಿತು ‘ವಾರ್ಡಿಂಗ್ ಬಾಂಡ್’! ಈ ಮಂತ್ರ ಹಾಕಿದರೆ ನಾಯಿಯ ರಕ್ಷಣೆಯ ಅಂಕ 15ರಿಂದ 16 ಆಗುತ್ತದೆ, ಬಿದ್ದ ಏಟೆಲ್ಲ ಅರ್ಧವಾಗುತ್ತದೆ. ಮುಂದಿನ ಭಾನುವಾರ ಕಾಫಿ ಲೋಟ ಪಕ್ಕಕ್ಕಿಟ್ಟು ಘೋಷಿಸಿದೆ. ಮಗ ಉಳಿದ ಸಾಲುಗಳನ್ನು ಗಟ್ಟಿಯಾಗಿ ಓದಿದ. ನಾಯಿಗೆ ಎಷ್ಟು ನೋವೋ ಅಷ್ಟೇ ನೋವು ಮಂತ್ರ ಹಾಕಿದವನಿಗೂ. ಇಬ್ಬರೂ ಒಂದೊಂದು ಪ್ಲಾಟಿನಂ ಉಂಗುರ ತೊಟ್ಟಿರಬೇಕು, ಒಂದೊಂದಕ್ಕೂ ಕನಿಷ್ಠ 50 ಚಿನ್ನದ ನಾಣ್ಯ. 60 ಅಡಿಗಿಂತ ದೂರವಾದರೆ ಬಂಧ ಕಡಿಯಿತು.

ಮೇಜಿನ ಆ ತುದಿಯಲ್ಲಿ ಮೌನ.

“ಅಂದ್ರೆ ನಾಯಿಗೆ ಪ್ಲಾಟಿನಂ?”

“ಆಟದ ಉಂಗುರ ಕಣೇ.”

“ನನ್ನ ಮದುವೇಲಿ ನೀವು ಹಾಕಿದ್ದು ಮೂರು ಗ್ರಾಮು. ಅದೂ ನಿಮ್ಮ ಅತ್ತಿಗೇದು ಕರಗಿಸಿ ಮಾಡಿಸಿದ್ದು.” ಸ್ವಲ್ಪ ತಡೆದು, “ಜಾತ್ರೇಲಿ ನೀವು ನನಗಿಂತ 60 ಅಡಿ ಮುಂದೇನೇ ನಡೀತೀರಲ್ಲ, ನಾಯಿ ಜೊತೆಗಾದರೆ ಹತ್ತಿರ ನಡೀತೀರಾ?”

ಹುಡುಗರಿಬ್ಬರೂ ತಲೆ ತಗ್ಗಿಸಿ ಚಕ್ಕುಲಿ ಕಡಿಯತೊಡಗಿದರು. ನಾನು ಉಂಗುರ ಕೊಂಡೆ. ಗಂಡಸಿಗೆ ಹಟ ಬಂದಮೇಲೆ ಅಂಗಡಿ ಯಾವ ಲೋಕದಲ್ಲಿದ್ದರೇನು?

ಅಂದು ಎದುರಾದದ್ದು ಫ್ಲೆಶ್ ಗೋಲೆಮ್, ಹೆಣಗಳ ತುಂಡು ಹೊಲಿದು ಎಬ್ಬಿಸಿದ ದೈತ್ಯ, 93 ಹಿಟ್ ಪಾಯಿಂಟಿನದು. ನನ್ನವಳು ದೊಡ್ಡ ಮನಸ್ಸು ಮಾಡಿ ಕಾಯಿಯ ಮೇಲೆ ‘ಹೇಸ್ಟ್’ ಹಾಕಿದಳು. ಓಟ ದುಪ್ಪಟ್ಟು, ರಕ್ಷಣೆ ಇನ್ನೆರಡು ಹೆಚ್ಚು, ಮೇಲೊಂದು ಏಟು ಜಾಸ್ತಿ. ಕಾಯಿ ಕಚ್ಚಿದ್ದೇ ಕಚ್ಚಿದ್ದು! ನಾನು ಕುರ್ಚಿಯಿಂದ ಎದ್ದು ನಿಂತು, “ನೋಡಿದ್ರಾ ಯಂತ್ರ ಅಂದ್ರೆ!” ಅಂದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

“ಈಗ ಅದರ ಮೇಲೆ ಸಿಡಿಲು ಹೊಡಿ!” ಅಂತ ಹೆಂಡತಿಗೆ ಉಪದೇಶ ಮಾಡಿದೆ. ಅವಳು ಎಂಟು ದಾಳ ಉರುಳಿಸಿದಳು, 31 ಬಿತ್ತು. ಮಗ ನಕ್ಕ. ಸಿಡಿಲು ಬಡಿದರೆ ಆ ಗೋಲೆಮ್‌ಗೆ ನೋವಾಗುವುದಿಲ್ಲ, ಬಡಿದಷ್ಟೂ ಆಯುಷ್ಯ ವಾಪಸು ಬರುತ್ತದೆ. ನಾನು 1931ರ ‘ಫ್ರಾಂಕೆನ್‌ಸ್ಟೈನ್’ ಸಿನಿಮಾ ನೋಡಿದವನು, ಅದರಲ್ಲಿ ದೈತ್ಯ ಏಳುವುದೇ ಸಿಡಿಲಿನಿಂದ. ನನ್ನ ನಾಯಿಗೆ ಬಲ ತುಂಬಲು ಹೋಗಿ ಶತ್ರುವಿಗೆ ಗ್ಲೂಕೋಸ್ ಹಾಕಿಸಿದ್ದೆ.

ಗೋಲೆಮ್ ಸಿಟ್ಟಿನಿಂದ ನನ್ನವಳಿಗೆ ಒಂದು ಕೊಟ್ಟಿತು. ಹೇಸ್ಟ್ ನಿಲ್ಲುವುದು ಹಾಕಿದವರ ಏಕಾಗ್ರತೆಯ ಮೇಲೆ. ಏಟು ಬಿದ್ದರೆ ದಾಳ ಹಾಕಿ ಏಕಾಗ್ರತೆ ಉಳಿಸಿಕೊಳ್ಳಬೇಕು. ಅವಳು ದಾಳ ಹಾಕುವುದಕ್ಕೂ ಕುಕ್ಕರ್ ಮೂರನೇ ಸೀಟಿ ಹೊಡೆಯುವುದಕ್ಕೂ ಸರಿಹೋಯಿತು. 4 ಬಿತ್ತು. ಅವಳು ಗ್ಯಾಸ್ ಆರಿಸಲು ಎದ್ದುಹೋದಳು, ಹೇಸ್ಟ್ ಕಳಚಿತು. ಕಳಚಿದ ಮೇಲೆ ಒಂದು ಸುತ್ತು ನಾಯಿಗೆ ಎಂಥ ಸುಸ್ತೆಂದರೆ ಕದಲುವಂತಿಲ್ಲ, ಕಚ್ಚುವಂತಿಲ್ಲ. ಹಬ್ಬದೂಟದ ಮಧ್ಯಾಹ್ನದ ನಾನು.

ನಿಂತ ನಾಯಿಗೆ ಗೋಲೆಮ್ ಎರಡು ಬಾರಿಸಿತು, 16 ಮತ್ತು 14. ಅರ್ಧವಾಗಿ 8 ಮತ್ತು 7. ಉಂಗುರದ ದೆಸೆಯಿಂದ ಅದೇ 8, ಅದೇ 7 ನನಗೂ. ನನ್ನಲ್ಲಿ ಉಳಿದಿದ್ದದ್ದು 12. ನಾಯಿ 16 ಇಟ್ಟುಕೊಂಡು ಗಟ್ಟಿಯಾಗಿ ನಿಂತಿದೆ. ನಾಯಿಗೆ ಬಿದ್ದ ಏಟಿಗೆ ಯಜಮಾನ ಮೂರ್ಛೆ!

“ಏನೋ, ಕಾಯಿ ಒಡೀತಾ? ಒಡೆದಿದ್ರೆ ಕೊಡು, ಪಲ್ಯಕ್ಕೆ ತುರಿದುಬಿಡ್ತೀನಿ” ಅಂದಳು ಅಮ್ಮ.

ಆಗ ಮಗ ಇನ್ನೊಂದು ಸಾಲು ಓದಿದ. ಯಜಮಾನನಿಗೆ ಪ್ರಜ್ಞೆ ಇಲ್ಲದಿದ್ದಾಗ ಸ್ಟೀಲ್ ಡಿಫೆಂಡರ್ ಆಜ್ಞೆಗೆ ಕಾಯಬೇಕಿಲ್ಲ. ತನಗೆ ತೋಚಿದ್ದು ಮಾಡಬಹುದು. 2020ರ ‘ಟಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಪುಸ್ತಕದಲ್ಲಿ ಸ್ಪಷ್ಟವಾಗಿದೆ, ನಾನೇ ಕನ್ನಡಕ ಹಾಕಿಕೊಂಡು ನೋಡಿದೆ. ವಾರವಿಡೀ ನಾನು ಹುಡುಕಿದ ವರ ಇದೇ. ನಾಯಿಗೆ ಸ್ವಾತಂತ್ರ್ಯ ಸಿಗಲು ನಾನು ಬಿದ್ದರೆ ಸಾಕಿತ್ತು, ಉಂಗುರಕ್ಕೆ 100 ನಾಣ್ಯ ದಂಡ.

ಹುಡುಗರಿಬ್ಬರೂ ಹೊಡೆದು ಹೊಡೆದು ಗೋಲೆಮ್ ಅನ್ನು ಕೊನೆಯುಸಿರಿಗೆ ತಂದರು. ಕಾಯಿಯ ಸುಸ್ತು ಬಿಟ್ಟಿತು. “ಅಪ್ಪ ಮೂರ್ಛೆ ಹೋಗಿದ್ದಾರೆ. ಅಜ್ಜಿ, ಕಾಯಿ ಪರವಾಗಿ ನೀನೇ ಹಾಕು” ಅಂದ ಮಗ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ದಾಳವನ್ನು ಚೌಕಾಬಾರದ ಕವಡೆ ಕುಲುಕುವ ಹಾಗೆ ಎರಡೂ ಅಂಗೈಯಲ್ಲಿ ಕುಲುಕಿ, ಉಫ್ ಎಂದು ಊದಿ ಬಿಟ್ಟಳು. 20.

ಗೋಲೆಮ್ ಬಿತ್ತು. ಹುಡುಗರು ಅಜ್ಜಿಯನ್ನು ಹೊಗಳಿದರು, ನನ್ನವಳು ಕಾಯಿಯನ್ನು ಹೊಗಳಿದಳು. ನನ್ನನ್ನು ಎಬ್ಬಿಸಬೇಕೆಂದು ಪೂಜಾರಿ ಹುಡುಗನಿಗೆ ನೆನಪಾದದ್ದು ಊಟಕ್ಕೆ ತಟ್ಟೆ ಹಾಕಿದ ಮೇಲೆ.

ಈಗ ಮಗ ಕಾಯಿಯ ಹಾಳೆಯನ್ನು ಅಜ್ಜಿಯ ಹೆಸರಿಗೆ ಬರೆದುಕೊಟ್ಟಿದ್ದಾನೆ. ಇತ್ತ ನನ್ನವಳು ಮೊನ್ನೆ ಚಿನ್ನದ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಅಂದಳು. ನಿಲ್ಲಿಸಿದೆ, ಆಜ್ಞೆ ಬಂದಮೇಲೆ ಇನ್ನೇನು. ನಿಮ್ಮ ಮನೆಗೂ ಈ ಆಟ ಬಂದರೆ ದಯವಿಟ್ಟು ಆ ಉಂಗುರದ ಪುಟವನ್ನು ಮಾತ್ರ ಹೆಂಡತಿಯ ಎದುರು ಗಟ್ಟಿಯಾಗಿ ಓದಲು ಬಿಡಬೇಡಿ.